ಅರವತ್ತೆರಡಕ್ಕೆ ನಿಂತದ್ದು

ನನ್ನ ಚಿಕ್ಕಪ್ಪನ ಮಗ ಮಹಾಂತೇಶ ಆ ರಾತ್ರಿ ಮೂಡಲಗಿಯಿಂದ ಕೊನೆಯ ಬಸ್ಸಿಗೆ ಬಂದು, ನಮ್ಮೂರು ಕೌಜಲಗಿಯ ಹಾಳುಬಾವಿಯ ದಾರಿ ಹಿಡಿದಿದ್ದ. ಹಿಂದೆ ಸದ್ದಾಯಿತು. ಟಕ್… ಸರಕ್. ಟಕ್… ಸರಕ್. ಮೊದಲನೆಯದು ಕೋಲು. ಎರಡನೆಯದು ಎಳೆಯುವ ಕಾಲು. ಹಾಗೆ ನಡೆಯುತ್ತಿದ್ದವರು ಊರಿನಲ್ಲಿ ಒಬ್ಬರೇ, ಭಜನೆಯ ಉದ್ದಪ್ಪ. ಅವರು ತೀರಿಕೊಂಡು ಎರಡು ವರ್ಷ.

ಆ ದಿನ ನಡೆದದ್ದು ಇಷ್ಟು. ಮಹಾಂತೇಶನ ಕೆಲಸ ಮೂಡಲಗಿಯಲ್ಲಿ, ಅಣ್ಣಾಸಾಹೇಬರ ವಿಡಿಯೋ ಸ್ಟುಡಿಯೋದಲ್ಲಿ. ಉದ್ದಪ್ಪನವರ ಹಾಡಿನ ಒಂದೇ ವಿಡಿಯೋ ಅಲ್ಲಿನ ಕಂಪ್ಯೂಟರಿನಲ್ಲಿತ್ತು. ಅದನ್ನು ಪೆನ್ ಡ್ರೈವಿಗೆ ಹಾಕಿಕೊಡಿ ಎಂದು ಅವರ ಹೆಂಡತಿ ಶಿವಗಂಗವ್ವ ಬಂದಿದ್ದರು. ನಕಲು ಮಾಡುವ ಪ್ರೋಗ್ರಾಂ ಕಪ್ಪು ಪರದೆಯದು. ಏನೂ ತೋರಿಸದೆ ದುಡಿಯುತ್ತದೆ. ಅಣ್ಣಾಸಾಹೇಬರಿಗೆ ಅಂಥದರ ಮೇಲೆ ನಂಬಿಕೆಯಿಲ್ಲ. ಐದು ನಿಮಿಷ ಏನೂ ಅಲ್ಲಾಡದಿದ್ದರೆ ಪ್ಲಗ್ ಕಿತ್ತುಬಿಡುತ್ತಾರೆ. ಅದಕ್ಕೇ ಮಹಾಂತೇಶ ಪರದೆಯ ಮೇಲೆ ಎಡದಿಂದ ಬಲಕ್ಕೆ ತುಂಬುವ ಒಂದು ಪಟ್ಟಿ ಓಡಿಸಿದ್ದ. ಪಕ್ಕದಲ್ಲಿ ಶೇಕಡಾ ಅಂಕಿ. ಅದು ಕೆಲಸವನ್ನು ನೋಡುತ್ತಿರಲಿಲ್ಲ, ಗಡಿಯಾರವನ್ನು ನೋಡುತ್ತಿತ್ತು. ನಲವತ್ತು ನಿಮಿಷಕ್ಕೆ ನೂರು.

ಮಾಲಕರು ಚಹಾ ಹಿಡಿದು ಕಣ್ತುಂಬ ನೋಡಿದ್ದರು. “ಕೆಲಸ ಅಂದ್ರ ಹಿಂಗ ಕಾಣಬೇಕ ನೋಡಲೇ.”

ನೂರಾಯಿತು. ಮಹಾಂತೇಶ ಪೆನ್ ಡ್ರೈವ್ ಕೊಟ್ಟ. ತೆರೆದು ನೋಡಲಿಲ್ಲ. ಜಾಗ ಬೇಕೆಂದು ಕಂಪ್ಯೂಟರಿನಲ್ಲಿದ್ದ ಮೂಲವನ್ನು ಅಳಿಸಿದ.

ಆ ರಾತ್ರಿ, ಬಾವಿಯ ಹತ್ತಿರ ಕೋಲಿನ ಸದ್ದು ನಿಂತಿತು.

“ನೂರ ಅಂತ ತೋರಿಸಿದ್ಯಲ್ಲೋ… ನಾ ಅರವತ್ತೆರಡಕ್ಕ ನಿಂತೇನಿ.”

“ಕಾಕಾ… ಮುಂಜಾನಿ ಉಳದದ್ದು ಹಾಕತೇನ್ರಿ.”

“ಎಲ್ಲಿಂದ ಹಾಕತಿ? ಅಳಿಸೀಯಲ್ಲ.”

ಬೆಳಿಗ್ಗೆ ಶಿವಗಂಗವ್ವನ ಟೀವಿಯಲ್ಲಿ ಹಾಡು ಸಾಲಿನ ನಡುವೆ ನಿಂತಿತ್ತು. ಪರದೆಯಲ್ಲಿ ಗಂಡ ಬಾಯಿ ತೆರೆದೇ ಇದ್ದರು. ಮುಂದಿನದು ಎಲ್ಲಿ ಎಂದು ಆಕೆ ಕೇಳಿದರು. ಮಹಾಂತೇಶ ಕಣ್ಣೆತ್ತದೆ ಹೇಳಿದ, “ನಿಮ್ಮ ಟೀವಿ ಕೆಟ್ಟೈತ್ರಿ, ಅವ್ವಾರ.”

ಸ್ಟುಡಿಯೋಕ್ಕೆ ಹೋದರೆ ಕಂಪ್ಯೂಟರಿನ ಪ್ಲಗ್ ಮೇಜಿನ ಮೇಲೆ ಬಿದ್ದಿತ್ತು. ಆದರೂ ಪರದೆ ಬೆಳಗುತ್ತಿತ್ತು. ಅದೇ ಪಟ್ಟಿ. ಅರವತ್ತಮೂರು.

ಆಮೇಲೆ ರಾತ್ರಿಗೊಂದರಂತೆ ಏರುತ್ತಿದೆ. ಈ ಪಟ್ಟಿ ಗಡಿಯಾರ ನೋಡುವುದಿಲ್ಲ. ಅದು ಏರಿದಂತೆ ಟಕ್ ಸದ್ದೂ ಬಾವಿ ಬಿಟ್ಟು ಓಣಿಗೆ ಬಂತು… ಓಣಿ ಬಿಟ್ಟು ಮಹಾಂತೇಶನ ಮನೆಯ ಕಟ್ಟೆಗೆ. ಶಿವಗಂಗವ್ವನಿಗೆ ನಿಜ ಹೇಳಿಬಿಡು ಎಂದೆ. ನಾಳೆ ಎಂದ. ಟೀವಿಯಲ್ಲಿ ಹಾಡು ಮಾತ್ರ ಒಂದಕ್ಷರವೂ ಮುಂದೆ ಹೋಗಿಲ್ಲ. ಏರುತ್ತಿರುವುದು ಯಾವುದರ ಲೆಕ್ಕವೋ, ಅಣ್ಣಾಸಾಹೇಬರು ತೃಪ್ತರಾಗಿದ್ದಾರೆ. ಅಲ್ಲಾಡುತ್ತಿದೆಯಲ್ಲ.

ಇಂದು ಬೆಳಿಗ್ಗೆ ತೊಂಬತ್ತೊಂಬತ್ತು. ನಂಬುವುದು ಬಿಡುವುದು ನಿಮಗೆ ಸೇರಿದ್ದು, ನಾನೇ ಹೋಗಿ ನೋಡಿದ್ದೇನೆ. ಆಮೇಲೆ ಕಿಟಕಿಯಿಂದ ಇಣುಕಿದರೆ ಮಹಾಂತೇಶನ ಬಾಗಿಲಿಗೆ, ಒಳಗಿನಿಂದ, ಒಂದು ಕೋಲು ಒರಗಿಸಿಟ್ಟಿತ್ತು. ತುದಿಗೆ ಕೆಸರು. ಹಸಿಯಾಗಿತ್ತು.