ಸಾವುಕಾರರು ಹೊತ್ತು ಗೊತ್ತುಮಾಡಿದ್ದು

ಮೆಣಸಿನಕಾಯಿ ವ್ಯಾಪಾರದಿಂದ ಬದುಕುವ ಒಂದು ಊರು. ಅಲ್ಲಿ ಒಬ್ಬರು ಸಿರಿವಂತರು, ಚಂಬಣ್ಣ ಸಾವುಕಾರ ಅಂತ. ದೊಡ್ಡ ಮನುಷ್ಯರು. ಎಷ್ಟು ದೊಡ್ಡವರೆಂದರೆ ಅಂಗಡಿಯಿಂದ ಮನೆಗೆ ಮುನ್ನೂರು ಹೆಜ್ಜೆ, ಅದಕ್ಕೂ ಕಾರು. ನಡೆದರೆ ದೊಡ್ಡಸ್ತಿಕೆ ಸವೆದುಹೋಗುತ್ತದೆ ನೋಡಿ! ಯಾವ ಕೆಲಸಕ್ಕೂ ಹೊತ್ತು ನೋಡುವವರು. ಕ್ಷೌರಕ್ಕೆ ವಾರ, ಹೊಸ ಅಂಗಿಗೆ ನಕ್ಷತ್ರ, ಪ್ರಯಾಣಕ್ಕೆ ದಿಕ್ಕು. ಊಟಕ್ಕೆ? ಊಟಕ್ಕೆ ಮಾತ್ರ ಯಾವತ್ತೂ ಪಂಚಾಂಗ ತೆರೆದವರಲ್ಲ. ಹೋಳಿಗೆಗೆ ರಾಹುಕಾಲ ಇರುತ್ತದೆಯೆ? ಮಠದಲ್ಲಿ ಕುಳಿತ ಶರಣರೇ, ನೀವೇ ಹೇಳಿ.

ಐವತ್ತೆಂಟರ ವಯಸ್ಸು. ಒಂದು ಬೆಳಿಗ್ಗೆ ಚಹಾದ ಕಪ್ಪು ಎತ್ತಲು ಹೋದರು, ಕಪ್ಪು ಕೈಜಾರಿ ಬಿತ್ತು. ಎರಡನೆಯ ಸಲ ಕೈ ಚಾಚಲು ನೋಡಿದರೆ ಕೈಯೇ ಏಳಲಿಲ್ಲ. ಬಾಯಿ ಒಂದು ಕಡೆಗೆ ಎಳೆದಿತ್ತು, ಮಾತು ತೊದಲುತ್ತಿತ್ತು. ಹೆಂಡತಿ ಕಸ್ತೂರೆವ್ವ ಯಾರನ್ನೂ ಕೇಳಲಿಲ್ಲ, ಗಳಿಗೆ ನೋಡಲಿಲ್ಲ. ಗಂಡನನ್ನು ಕಾರಿನಲ್ಲಿ ಮಲಗಿಸಿ ದೊಡ್ಡ ಆಸ್ಪತ್ರೆಗೆ ಹೊಡೆಸಿಕೊಂಡು ಹೋದಳು. ಲಕ್ವ ಹೊಡೆದಿತ್ತು. ಬೇಗ ಮುಟ್ಟಿಸಿದ್ದರಿಂದ ಜೀವ ಉಳಿಯಿತು. ವಾರದಲ್ಲಿ ಮಾತು ಮರಳಿತು, ಕಾಲೂ ಸುಧಾರಿಸಿತು. ಬಲಗೈ ಒಂದು ಮಾತ್ರ ಜೋತುಬಿದ್ದೇ ಇತ್ತು.

ಆಸ್ಪತ್ರೆಯಲ್ಲಿ ಕೈಕಾಲಿನ ವ್ಯಾಯಾಮ ಹೇಳಿಕೊಡುವ ಒಂದು ಕೋಣೆ. ಹೇಳಿಕೊಡುವವಳು ಫರ್ಹಾನಾ ಅಂತ ಒಬ್ಬ ಹೆಣ್ಣುಮಗಳು. ಸಾವುಕಾರರನ್ನು ಅಲ್ಲಿಗೆ ಕರೆತಂದ ದಿನವೇ ಇನ್ನೊಬ್ಬನೂ ಬಂದಿದ್ದ, ಯಮನೂರಪ್ಪ. ಸಾವುಕಾರರ ಊರಿನವನೇ, ಬಸ್ ನಿಲ್ದಾಣದ ಹೊರಗೆ ಮಿರ್ಚಿ ಭಜಿ ಕರಿಯುವವನು. ಅವನಿಗೂ ಅದೇ ರೋಗ, ಅದೇ ಬಲಗೈ. ದೇವರು ಕೊಡುವಾಗ ಕೆಲವೊಮ್ಮೆ ಎಷ್ಟು ಸಮಾನವಾಗಿ ಕೊಡುತ್ತಾನೆ ನೋಡಿ.

ಫರ್ಹಾನಾ ಇಬ್ಬರನ್ನೂ ಕೂರಿಸಿ ಹೇಳಿದಳು: “ಕೈಬೆರಳು ಮುಚ್ಚೂದು, ತೆರೆಯೂದು. ಆಗಲಿಲ್ಲಂದ್ರ ಎಡಗೈಲೆ ಹಿಡಕೊಂಡು ಮಾಡ್ರಿ. ಆಮೇಲೆ ತೋಳು ಮ್ಯಾಲೆ ಎತ್ತೂದು. ದಿನಕ್ಕ ನಾಕೈದು ಸಲ. ಮೊದಲಿನ ಮೂರು ತಿಂಗಳು ಭಾಳ ಮುಖ್ಯ ಐತ್ರಿ. ಆಮೇಲೂ ಕೈ ಕಲೀತೈತಿ, ಆದ್ರ ಭಾಳ ನಿಧಾನ.”

ಯಮನೂರಪ್ಪ ತಲೆಯಾಡಿಸಿದ. ಸಾವುಕಾರರು ಕೇಳಿದರು: “ಯಾವ ಹೊತ್ತಿನಾಗ ಮಾಡಿದ್ರ ಛಲೋರಿ?”

“ನಿಮಗ ಯಾವಾಗ ಆಗ್ತೈತಿ, ಆವಾಗ.”

ಸಾವುಕಾರರ ಮುಖ ಬಾಡಿತು. ಇಷ್ಟು ದೊಡ್ಡ ಆಸ್ಪತ್ರೆ, ಇಷ್ಟು ಓದಿದ ಹುಡುಗಿ, ಕೊಟ್ಟ ಉತ್ತರ ಇಷ್ಟೆಯೆ? ಭಜಿ ಮಾರುವವನಿಗೂ ‘ಯಾವಾಗ ಆಗ್ತೈತಿ ಆವಾಗ’, ಸಾವುಕಾರನಿಗೂ ‘ಯಾವಾಗ ಆಗ್ತೈತಿ ಆವಾಗ’! ಇರಲಿ, ಅತ್ಯುತ್ತಮವಾದ ಹೊತ್ತನ್ನು ನಾನೇ ಹುಡುಕುತ್ತೇನೆ ಎಂದು ಮನೆಗೆ ಬಂದರು.

ಹುಡುಕಿದರು. ಅಯ್ಯೋ, ಎಂಥ ಶ್ರದ್ಧೆಯಿಂದ ಹುಡುಕಿದರು! ಅದರ ಅರ್ಧ ಶ್ರದ್ಧೆ ಕೈಗೆ ಸಿಕ್ಕಿದ್ದರೆ ಆ ಕೈ ತಬಲಾ ಬಾರಿಸುತ್ತಿತ್ತು. ಅಳಿಯ ಬಂದು ಬ್ರಾಹ್ಮೀ ಮುಹೂರ್ತವೇ ಸರಿ ಎಂದ. ಮರುದಿನ ಮೊಬೈಲಿನಲ್ಲಿ ಯಾರೋ ಒಬ್ಬ ಗಡ್ಡದವನು, ನಸುಕಿನ ಥಂಡಿಗೆ ನರಗಳು ಸೆಟೆಯುತ್ತವೆ ಎಂದ. ಸರಿ, ಬೆಳಿಗ್ಗೆ ಹೋಯಿತು. ಮಧ್ಯಾಹ್ನ? ಊಟಕ್ಕೆ ಮುಂಚೆ ನಿತ್ರಾಣ, ಊಟವಾದ ಮೇಲೆ ನಿದ್ರೆ. ಸಂಜೆ? ಸಂಜೆ ಮಾತನಾಡಿಸಲು ವ್ಯಾಪಾರಿಗಳು ಬರುತ್ತಾರೆ. ಅವರ ಮುಂದೆ ಕೂಸಿನ ಹಾಗೆ ಬೆರಳು ಮಡಚುತ್ತ ಕೂರುವುದೆ? ಜೋಯಿಸರು ಜಾತಕ ನೋಡಿ ಬರುವ ಗುರುವಾರ ಎಂದರು. ಗುರುವಾರ ಬಂತು, ಆಕಾಶವಾಣಿ ಕೇಳುತ್ತಾ ತೂಕಡಿಸಿದರು, ಎಚ್ಚರವಾಗುವುದರೊಳಗೆ ರಾಹುಕಾಲ ಹೊಕ್ಕಿತ್ತು. ಆಮೇಲೆ ಆಷಾಢ. ಆಷಾಢದಲ್ಲಿ ಹೊಸದನ್ನು ಶುರುಮಾಡುವವರುಂಟೆ?

ನಡುವೆ ಸುಮ್ಮನೆ ಕುಳಿತಿರಲಿಲ್ಲ, ಅನ್ಯಾಯವಾಗಿ ಹೇಳಬಾರದು. ಹಿಸುಕಲು ರಬ್ಬರ್ ಚೆಂಡು ತರಿಸಿದರು. ಕೆಂಪು ಒಂದು, ಹಸಿರು ಒಂದು, ಮುಳ್ಳುಮುಳ್ಳಿನದು ಒಂದು. ಅವುಗಳನ್ನು ಗಾಜಿನ ಕಪಾಟಿನಲ್ಲಿ ಸಾಲಾಗಿ ಇಟ್ಟರು. ಮಾಳಿಗೆಯ ಮೇಲೆ ಪೂರ್ವಕ್ಕೆ ಕಿಟಕಿ ಬರುವಂತೆ ವ್ಯಾಯಾಮದ ಕೋಣೆ ಕಟ್ಟಿಸಿದರು. ಪೂಜೆಯಾಯಿತು, ಬಂದವರೆಲ್ಲ ಉಂಡರು, ಕೋಣೆಯನ್ನು ಹೊಗಳಿದರು. ಕೈ? ಕೈ ಜೋತುಕೊಂಡೇ ಎಲ್ಲವನ್ನೂ ನೋಡುತ್ತಿತ್ತು.

ಕಸ್ತೂರೆವ್ವ ದಿನವೂ ಹೇಳುತ್ತಿದ್ದಳು: “ಈಗ ಸುಮ್ನ ಕುಂತೀರಲ್ಲ, ಈಗ ಹತ್ತು ಸಲ ಬೆರಳು ಬಿಡಸ್ರಿ. ನಾ ಹಿಡೀತೀನಿ.”

“ಈಗ ಬ್ಯಾಡ. ಈಗ ಮಾಡಿದ್ರ ಮೈಗೆ ಹತ್ತೂದಿಲ್ಲ.”

“ಯಾವಾಗ ಹತ್ತತೈತಿ?”

“ಅದನ್ನ ವಿಚಾರ ಮಾಡಾಕತ್ತೀನಲ್ಲ!”

ನೀವು ನಗುತ್ತಿದ್ದೀರಿ. ನಗಿ. ಆದರೆ ಒಂದು ಮಾತು ಕೇಳಿ. ಒಂದು ಮಧ್ಯಾಹ್ನ ಕಸ್ತೂರೆವ್ವ ಒಣಗಿದ ಬಟ್ಟೆ ತರಲು ಮಾಳಿಗೆಗೆ ಹೋದಳು. ಹೊಸ ಕೋಣೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಸಾವುಕಾರರು ಒಬ್ಬರೇ ಕುಳಿತು ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ದಿಟ್ಟಿಸುತ್ತಿದ್ದರು. ಕಿರುಬೆರಳು ಅಲುಗಿಸಲು ಹಲ್ಲು ಕಚ್ಚಿ ನೋಡಿದರು. ಅಲುಗಲಿಲ್ಲ. ಇನ್ನೊಮ್ಮೆ ನೋಡಿದರು. ಅಲುಗಲಿಲ್ಲ. ಎಡಗೈಯಿಂದ ಶಲ್ಯ ಎಳೆದು ಆ ಕೈಯನ್ನು ಮುಚ್ಚಿಬಿಟ್ಟರು. ಕಸ್ತೂರೆವ್ವನಿಗೆ ಆಗ ತಿಳಿಯಿತು. ಈ ಮನುಷ್ಯನಿಗೆ ಹೊತ್ತು ಸಿಗದೆ ಇದ್ದದ್ದಲ್ಲ. ಹೊತ್ತು ಸಿಕ್ಕರೆ ಕೈಯನ್ನು ನೋಡಬೇಕಾಗುತ್ತದಲ್ಲ, ಆ ಹೆದರಿಕೆ. ಅವಳು ಸದ್ದು ಮಾಡದೆ ಕೆಳಗಿಳಿದು ಬಂದಳು. ಆಮೇಲೆ ಜೀವನವಿಡೀ, ಅವತ್ತೇ ಒಳಗೆ ಹೋಗಬೇಕಾಗಿತ್ತು ಎಂದು ಅವಳು ಹಳಹಳಿಸಿದಳು.

ಯಮನೂರಪ್ಪನ ಕಥೆ ಏನಾಯಿತು? ಅವನಿಗೆ ಕೋಣೆಯಿಲ್ಲ, ಚೆಂಡಿಲ್ಲ, ಸಲಹೆ ಕೊಡುವ ಅಳಿಯ ಮೊದಲೇ ಇಲ್ಲ. ಪುಣ್ಯವಂತ! ಭಜಿಯ ಗಾಡಿಯನ್ನು ಈಗ ಹೆಂಡತಿ ನಡೆಸುತ್ತಿದ್ದಳು. ಇವನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂರುತ್ತಿದ್ದ. ಯಾವುದೇ ಬಸ್ಸು ಒಳಗೆ ಬರಲಿ, ಎಡಗೈಯಿಂದ ಬಲಗೈ ಹಿಡಿದು ಹತ್ತು ಸಲ ಮೇಲೆತ್ತುವುದು, ಹತ್ತು ಸಲ ಬೆರಳು ಬಿಡಿಸುವುದು. ಬಸ್ಸು ಯಾವತ್ತಾದರೂ ಹೇಳಿದ ಹೊತ್ತಿಗೆ ಬಂದದ್ದುಂಟೆ? ಹಾಗಾಗಿ ಅವನ ವ್ಯಾಯಾಮಕ್ಕೂ ಇಂಥದೇ ಹೊತ್ತು ಎಂಬುದಿರಲಿಲ್ಲ. ಕಂಡಕ್ಟರುಗಳು ನಗುತ್ತಿದ್ದರು: “ಏನೋ ಯಮನೂರಾ, ಮಂತ್ರಿ ಆಗೀಯೇನು? ಎಲ್ಲಾ ಬಸ್ಸಿಗೂ ಕೈ ಎತ್ತಾಕತ್ತಿ!” ಇವನೂ ನಗುತ್ತಿದ್ದ, ಮತ್ತೆ ಎತ್ತುತ್ತಿದ್ದ. ನೋವಾದಾಗ ಅಳುತ್ತಿದ್ದ, ಅತ್ತುಕೊಂಡೇ ಎತ್ತುತ್ತಿದ್ದ. ತಿಂಗಳಾಗುವಾಗ ಹೆಬ್ಬೆರಳು ಅಲುಗಿತು. ಅವತ್ತು ಹೆಂಡತಿ ಒಂದು ಬುಟ್ಟಿ ಭಜಿಯನ್ನು ಇದ್ದಬದ್ದವರಿಗೆಲ್ಲ ಹಂಚಿದಳು.

ಮೂರು ತಿಂಗಳಾಯಿತು. ಇಬ್ಬರೂ ಮತ್ತೆ ಆಸ್ಪತ್ರೆಯ ಆ ಕೋಣೆಗೆ ಬಂದರು; ಸಾವುಕಾರರ ಜೊತೆ ಕಸ್ತೂರೆವ್ವನೂ ಇದ್ದಳು. ಫರ್ಹಾನಾ ಮೇಜಿನ ಮೇಲೆ ಅರ್ಧ ಲೋಟ ನೀರಿಟ್ಟಳು. ಯಮನೂರಪ್ಪ ಬಲಗೈಯಲ್ಲೇ ಹಿಡಿದ, ನಡುಗುತ್ತ ಎತ್ತಿದ, ಅಂಗಿಯ ಮೇಲೆ ಸ್ವಲ್ಪ ಚೆಲ್ಲಿಕೊಂಡು ಉಳಿದದ್ದನ್ನು ಕುಡಿದ. ಸಾವುಕಾರರ ಸರದಿ. ಫರ್ಹಾನಾ ಶಲ್ಯ ಸರಿಸಿದಳು. ಬೆರಳುಗಳು ಅಂಗೈಯೊಳಕ್ಕೆ ಮುರುಟಿದ್ದವು. ಅವಳು ತೋಳು ಎತ್ತಲು ಹೋದರೆ ಹೆಗಲು ಬಿಗಿದು ಸಾವುಕಾರರು ಚೀರಿದರು.

“ಸಾವುಕಾರ್ರ, ಮಾಡೇ ಇಲ್ಲೇನ್ರಿ?”

ಸಾವುಕಾರರು ಹೇಳಿದರು: “ಹೊತ್ತು ಗೊತ್ತಾಗೇತಿ. ಎಲ್ಲಾರನ್ನೂ ವಿಚಾರಿಸೀನಿ. ಮುಂಜಾನೆ ಆರೂಕಾಲರಿಂದ ಆರೂವರಿ. ಸೋಮವಾರದಿಂದ ಶುರು.”

ಫರ್ಹಾನಾ ಮತ್ತೆ ನೀರು ತುಂಬದೆ ಲೋಟವನ್ನು ಎತ್ತಿಟ್ಟಳು. ಅದರ ಅರ್ಥ ಸಾವುಕಾರರಿಗೆ ತಿಳಿಯಿತು. ವ್ಯಾಪಾರಿ ಅಲ್ಲವೆ, ಎದುರಿನವರು ಯಾವಾಗ ಮಾಲು ಕೈಬಿಡುತ್ತಾರೆ ಎಂದು ಬಲ್ಲವರು. ಮೆಲ್ಲಗೆ ಯಮನೂರಪ್ಪನ ಕಡೆ ತಿರುಗಿದರು: “ನೀ ಯಾವ ಹೊತ್ತಿನಾಗ ಮಾಡ್ತಿದ್ದೆಪಾ?”

“ಹೊತ್ತು ಎಲ್ಲಿತ್ರಿ? ಹುಬ್ಬಳ್ಳಿ ಬಸ್ ಬಂದಾಗ, ಹಾವೇರಿ ಬಸ್ ಬಂದಾಗ.”

“ಹುಬ್ಬಳ್ಳಿ ಬಸ್ ಎಷ್ಟಕ್ಕ ಬರ್ತೈತಿ?”

ಶರಣರೇ, ಆ ಪುಣ್ಯಾತ್ಮರು ಅದನ್ನೂ ಕೇಳಿದರು! ಯಾರೂ ನಗಲಿಲ್ಲ. ಕಸ್ತೂರೆವ್ವ ಎದ್ದು ಬಂದಳು, ಗಂಡನ ಎದುರು ನೆಲದ ಮೇಲೆ ಕುಳಿತಳು, ಮುರುಟಿದ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಒಂದೊಂದೇ ಬೆರಳು ಬಿಡಿಸತೊಡಗಿದಳು.

“ಏ, ನೋಯ್ತೈತಿ! ಇದೇನ್ ಹೊತ್ತು ಐತೇನು?”

“ಹೌದ್ರಿ, ಇದ ಹೊತ್ತು. ಅಳ್ರಿ. ನಾನೂ ಅಳ್ತೀನಿ. ಕೈ ಮಾತ್ರ ಬಿಡೂದಿಲ್ಲ.”

ಇಬ್ಬರೂ ಅತ್ತರು. ಅಂದಿನಿಂದ ಅವಳು ಬಿಡಲಿಲ್ಲ. ರೊಟ್ಟಿ ಬೇಯುವ ನಡುವೆ, ಲೈಟು ಹೋದಾಗ, ನೆಂಟರು ಕುಳಿತಿರುವಾಗಲೇ. ಎರಡು ವರ್ಷ ದುಡಿದ ಮೇಲೆ ಸಾವುಕಾರರ ತೋಳು ಎದೆಯವರೆಗೆ ಎದ್ದಿತು, ಎರಡು ಬೆರಳು ಬಿಚ್ಚಿದವು. ಅಷ್ಟೆ. ಅವರು ಕೊನೆಯವರೆಗೂ ಎಡಗೈಯಲ್ಲೇ ಉಂಡರು. ಯಮನೂರಪ್ಪ ಇವತ್ತಿಗೂ ಭಜಿ ಕರಿಯುತ್ತಿದ್ದಾನೆ, ಬಲಗೈಯಲ್ಲಿ.

ಮುಗಿಯಿತು ಕಥೆ. “ಪಾಪ, ಸಾವುಕಾರ” ಎಂದು ನಿಟ್ಟುಸಿರು ಬಿಟ್ಟಿರಿ. ಬಹಳ ಸಂತೋಷ. ಈಗ ನಿಮ್ಮ ಕಡೆ ಬರೋಣವೆ?

ನಿನ್ನೆ ನಿಮ್ಮಲ್ಲೇ ಒಬ್ಬರು ಬಂದು ಕೇಳಿದರು: “ಅಜ್ಜಾರ, ವಾಕಿಂಗಿಗೆ ಮುಂಜಾನೆ ಛಲೋನೋ, ಸಂಜೀಕ ಛಲೋನೋ?” ಎಷ್ಟು ದಿನದಿಂದ ವಿಚಾರ ಮಾಡುತ್ತಿದ್ದೀರಿ ಎಂದೆ. “ನಾಕು ವರ್ಷ ಆತ್ರಿ” ಎಂದರು. ನಾಲ್ಕು ವರ್ಷ! ಭೂಮಿ ತಿರುಗಿ ತಿರುಗಿ ಅವರಿಗೆ ಸಾವಿರದ ನಾನೂರು ಮುಂಜಾನೆ, ಸಾವಿರದ ನಾನೂರು ಸಂಜೆ ತಂದು ತೋರಿಸಿತು. ಒಂದೂ ಮನಸ್ಸಿಗೆ ಬರಲಿಲ್ಲ. ಎಂಥ ಸೂಕ್ಷ್ಮ ಅಭಿರುಚಿ ನೋಡಿ!

ಅಲ್ಲಿ ನಗುತ್ತಿರುವ ತಮ್ಮಾ, ನಿನ್ನ ಬೂಟು ಡಬ್ಬಿಯಿಂದ ಹೊರಗೆ ಬಂದಿದೆಯೆ? ತಾಯಂದಿರೇ, ಮನೆಗೆಲಸವೇ ವ್ಯಾಯಾಮ ಎನ್ನುತ್ತೀರಿ; ಸಂಜೆ ಎರಡು ಧಾರಾವಾಹಿ ಮುಗಿಯುವವರೆಗೆ ಅಲುಗದೆ ಕೂರುವುದು ಯಾವ ಆಸನ? ನನ್ನನ್ನೂ ಬಿಡಬೇಡಿ. ದಿನವೂ ಮೆಟ್ಟಿಲು ಹತ್ತಿಳಿಯಿರಿ ಎಂದು ಡಾಕ್ಟರು ಹೇಳಿ ಎಂಟು ತಿಂಗಳಾಯಿತು. ಪೂಜೆಗೆ ಮೊದಲೋ ಪೂಜೆಯಾದ ಮೇಲೋ ಎಂದು ನಾನೂ ಜಿಜ್ಞಾಸೆ ನಡೆಸಿದ್ದೇನೆ.

ಇನ್ನು ಸಾಕು. ನಾಳೆ ಹಾಲು ತರಲು ಬೈಕು ಬೇಡ, ನಡೆಯಿರಿ. ಫೋನು ಬಂದರೆ ಎದ್ದು ನಿಂತು ಮಾತನಾಡಿ. ಬೆಳಿಗ್ಗೆ ತಪ್ಪಿತೋ, ಸಂಜೆ ಮಾಡಿ. ಸಂಜೆಯೂ ತಪ್ಪಿತೋ, ಊಟಕ್ಕೆ ಕರೆಯುವ ಮೊದಲು ಅಂಗಳದಲ್ಲೇ ನಾಲ್ಕು ಸುತ್ತು ಹಾಕಿ. ಮನೆಯಲ್ಲಿ ಯಾರಾದರೂ ಕೈಕಾಲು ಸೋತು ಕುಳಿತಿದ್ದರೆ, ಡಾಕ್ಟರು ಹೇಳಿಕೊಟ್ಟದ್ದನ್ನು ನೆನಪು ಮಾಡುವುದಷ್ಟೇ ಅಲ್ಲ, ಪಕ್ಕದಲ್ಲಿ ಕುಳಿತು ಕೈ ಹಿಡಿದು ಮಾಡಿಸಿ. ಅವರಿಗೆ ಬೇಸರವಲ್ಲ, ಹೆದರಿಕೆ.

ಮಂಗಳಾರತಿಗೆ ಇನ್ನೂ ಕಾಲು ಗಂಟೆ ಇದೆ. ಮಠದ ಸುತ್ತ ಎರಡು ಸುತ್ತು ಬರಲು ಅಷ್ಟು ಸಾಕು. ಮೊಣಕಾಲು ನೋವಿನವರು ಒಂದೇ ಸುತ್ತು, ನನ್ನ ಜೊತೆ, ನಿಧಾನವಾಗಿ. ಮೈಕು ಆರಿಸಪ್ಪಾ. ಏಳಿ, ಏಳಿ. ಚಪ್ಪಲಿ ಹುಡುಕುತ್ತ ನಿಲ್ಲಬೇಡಿ, ಬರಿಗಾಲಲ್ಲೇ ಬನ್ನಿ.