ಸುಂದರಾನ ಒಂದು ವರ್ಷದ ರಜಾ

…ಅಲ್ಲ ಬೇ ಸುಂದರಾ, ಕಾಣತೈತಿ ಅಂತ ಹೇಳಿದ್ನೆಲ್ಲ! ಮ್ಯಾಲಿಂದ ಮೂರನೇ ಸಾಲು… ಗ… ರ… ಅದೇನು, ಢ ಐತೋ ಥ ಐತೋ? ಯಾಕ ನಗತಿ? ಹದಿನೇಳ ವರ್ಷ ಹುಡುಗ್ಯಾರಿಗೆ ಅಕ್ಷರಾ ಕಲಿಸಿದಾಕಿ, ಇವತ್ತ ನಿನ್ನ ಮುಂದ ಕುರ್ಚಿ ಮ್ಯಾಲೆ ಕುಂತು ತಡಬಡಸಾಕತ್ತೀನಿ. ನಗು, ನಗು. ಈಗ ನಿಂದ ದಿನಾ.

ಬೇಕಂತ ಬಂದಿಲ್ಲ ನಾ. ಅಥಣ್ಯಾಗ ಗುರ್ತಿನವ್ರದು ಬ್ಯಾರೆ ಚಸ್ಮಾದ ಅಂಗಡಿ ಇದ್ರ ಅಲ್ಲೇ ಹೋಗತಿದ್ದೆ… ಹಂಗ ನೋಡಬ್ಯಾಡ, ಚ್ಯಾಷ್ಟಿ ಮಾಡಿದೆ. ಹಾಕು, ಇನ್ನೊಂದು ಗಾಜು ಹಾಕು. ಭಾಳ ವಜ್ಜಾ ಐತಿದು ಫ್ರೇಮು…

ಐನಾಪುರದಾಗ ಯಾರ ಬಾಯಾಗ ನೋಡಿದ್ರೂ ನಿಂದ ಹೆಸರು, ಗೊತ್ತೈತೇನು? ಮಗ್ಗಲ ಮನಿ ಲಗಮವ್ವ, ಕಣ್ಣ ಕಾಣದಂಗಾಗಿ ಅಕ್ಕಿ ಆರಸೂದ ಬಿಟ್ಟಿದ್ಲಲ್ಲ, ಈಗ ಸೂಜಿಗೆ ದಾರಾ ಪೋಣಸ್ತಾಳ. 'ಸುಂದರಾ ಅಕ್ಕೋರು ಕೊಟ್ಟ ಕಣ್ಣು' ಅಂತಾಳ. ಆಕಿದಿರಲಿ… ನಮ್ಮ ಮನಿಯವ್ರು! ನಮ್ಮ ಬಾಬಾಸಾಹೇಬರು! ನಿನ್ನ ಅಂಗಡಿ ಬೋರ್ಡ ಓದಿ ಬಂದು, ಊಟಕ್ಕ ಕುಂತು, 'ಹೆಣಮಕ್ಕಳಿಗೆ ಹಿಂಗ ಧೈರ್ಯಾ ಇರಬೇಕ ನೋಡು' ಅಂದ್ರು. ಯಾರಿಗೆ? ನನಗ! ರೊಟ್ಟಿ ಮಾಡಾಕತ್ತಿದ್ದೆ, ಕೈ ಹಂಚಿಗೆ ಹತ್ತಿತು.

ಧೈರ್ಯಾ ಅಂತ…

ಎಂಬತ್ತಾರರಾಗ ನಿನಗೊಬ್ಬಾಕಿಗೇ ಬ್ಯಾಸರಾಗಿತ್ತೇನು? ಇಬ್ಬರೂ ಕೂಡೇ ಸಾಲಿ ನೌಕರಿಗೆ ಸೇರಿದವ್ರು. ಒಂಬತ್ತ ವರ್ಷ ಒಂದ ಬೆಂಚಿನ ಮ್ಯಾಲೆ ಕುಂತು ಬುತ್ತಿ ಬಿಚ್ಚಿದವ್ರು. ಇಬ್ಬರೂ ಅಂದ್ವಿ, ಸಾಕಾತು, ಒಂದು ವರ್ಷ ಪಗಾರ ಇಲ್ಲದ ರಜಾ ಹಾಕೂಣು, ಬ್ಯಾರೆ ಏನರೆ ಕೆಲಸಾ ಕೈಗೆ ಹತ್ತತೈತೇನು ನೋಡೂಣು. ಏನ ಕೆಲಸಾ ಅಂತ ನಿನಗೂ ಗೊತ್ತಿರಲಿಲ್ಲ. ಹೆಡ್ ಬಾಯಾರು ಕೇಳಿದ್ರ, 'ಹುಡುಕಾಕ ರಜಾ ಬೇಕ್ರಿ' ಅಂದಿ! ನಾನೂ ಅರ್ಜಿ ಬರದಿದ್ದೆ…

ಹ್ಞಾ, ನಮ್ಮವ್ರು ಹರದ ಒಗದ್ರಂತ ಹೇಳಿದ್ದೆ. ಹೇಳಿದ್ದೆ… ಏನ ಹಂಗ ನೋಡತಿ?

ಹರೀಲಿಲ್ಲ. ಅವ್ರಿಗೆ ತೋರಿಸೇ ಇಲ್ಲ ನಾ. ಸೀರಿ ಘಳಿಗ್ಯಾಗ ಇಟ್ಟೆ, ಅಲ್ಲೇ ಇತ್ತು. ನಮ್ಮದು ಕಬ್ಬು, ದ್ರಾಕ್ಷಿ ತ್ವಾಟ, ವರ್ಷಾ ಪಗಾರ ಇಲ್ಲಂದ್ರೇನು ಒಲಿ ಆರತಿರಲಿಲ್ಲ. ಆದ್ರೂ ಅಂಜಿದೆ. ನಿನ್ನ ಪಗಾರದ ಮ್ಯಾಲೆ ಮನ್ಯಾಗ ಐದ ಬಾಯಿ, ನೀ ಹೋದಿ! ಕೂಸಿನ್ನ ನಿಮ್ಮವ್ವ ಜನಾಬಾಯಿ ಕಡೆ ಬಿಟ್ಟು ಹೋದಿ!

ಹೋಗಿ? ನಿಪ್ಪಾಣ್ಯಾಗ ಹೊಲಿಗಿ ಕಲ್ಯಾಕ ಹತ್ತಿದಿ, ಬಿಟ್ಟಿ. ಚಿಕ್ಕೋಡ್ಯಾಗ ಟೈಪಿಂಗ್, ಅದನ್ನೂ ಬಿಟ್ಟಿ. ನಿನ್ನ ಪತ್ರ ಬಂದಾಗೊಮ್ಮೆ… ದೇವರಾಣೆ, ಖುಷಿ ಆಗತಿತ್ತು ನನಗ. ಆಮ್ಯಾಲೆ ಮಿರಜದಿಂದ ಬರದಿ. 'ಚಸ್ಮಾದ ಗಾಜು ತಿಕ್ಕೂದು ಕಲ್ಯಾಕತ್ತೀನಿ ಅಕ್ಕವ್ವ, ಹೊತ್ತ ಹೋದದ್ದ ತಿಳ್ಯಾಂಗಿಲ್ಲ' ಅಂತ. ಆ ಪತ್ರ ಮಾತ್ರ ನಾ ಎರಡನೇ ಸಲ ಓದಲಿಲ್ಲ.

ಜೂನದಾಗ ತಿರುಗಿ ಬಂದಿ. ಈಗ ಯಾರಿಗೂ ಅದು ನೆನಪಿಲ್ಲ! ಧೈರ್ಯಾ, ಧೈರ್ಯಾ ಅಂತಾರ… ನೀ ತಿರುಗಿ ಬಂದಿದ್ದಿ ಬೇ! ಕಲಿಯೂದು ಅರ್ಧಾ ಆಗಿತ್ತು, ಮನ್ಯಾಗ ಹಿಟ್ಟ ತೀರಿತ್ತು, 'ನೌಕರಿಗೆ ಹಾಜರಾಗ್ತೀನ್ರಿ' ಅಂತ ಬಂದಿ. ಸಾಲಿ ಕಮಿಟಿ ನಮ್ಮ ಸಣ್ಣ ಮಾವ ತಾತ್ಯಾಸಾಹೇಬರ ಕೈಯಾಗ. 'ಜಾಗಾ ತುಂಬೇತಿ' ಅಂದ್ರು. ನಾ ನಿನ್ನ ತೆಕ್ಕಿ ಬಿದ್ದು ಅತ್ತೆ. ನಿನಗಿಂತಾ ಜೋರ ಅತ್ತೆ…

ಕೈ ಯಾಕ ನಿಂದರಿಸಿದಿ? ಗಾಜು ಹಾಕು.

ಸುಂದರಾ?

ಏನರೆ ಅನ್ನು… ನೀ ತಿರುಗಿ ಬರೂದಿಲ್ಲಂತ ಮಾವನವ್ರಿಗೆ ಯಾರ ಹೇಳಿದ್ರೋ, ನನಗೇನ ಗೊತ್ತು? …ಕೇಳಲಿಲ್ಲ ನೀ. ಹೌದು, ನೀ ಕೇಳೇ ಇಲ್ಲ. ಹಂಗ ಯಾರೋ ಹೇಳಿದ್ರಂತ ನಾನ ಅಂದೆ, ಈಗ…

ಆತು! ನಾನ ಹೇಳಿದೆ! ಏಪ್ರಿಲದಾಗ ಮಾವ ಕೇಳಿದ್ರು. 'ಆಕಿ ಬರೂದಿಲ್ರಿ, ಖುದ್ದ ನನಗ ಹೇಳ್ಯಾಳ್ರಿ' ಅಂದೆ. ಇಷ್ಟ. ಒಂದ ಮಾತು. ನೀ ವರ್ಷಾ ಊರೂರು ತಿರಗಾಕಿ, ಮನಸಿಗೆ ಬಂದದ್ದ ಕಲ್ಯಾಕಿ, ಮತ್ತ ಬಂದು ಅದ ಬೆಂಚಿನ ಮ್ಯಾಲೆ ನನ್ನ ಮಗ್ಗಲಕ್ಕ ಕುಂಡರಾಕಿ! ಎರಡೂ ನಿನಗ! ನನಗ ಒಂದೂ ಇಲ್ಲ. ಹೆಂಗ ನೋಡ್ಲಿ ಬೇ ಅದನ್ನ?

ಮತ್ತ… ನಾ ಹೇಳದಿದ್ರ ಈ ಅಂಗಡಿ ಇರತಿತ್ತೇನು? ಆಂ? ಮಿರಜಕ್ಕ ಮತ್ತ ಹೋಗಿ ಪೂರಾ ಕಲೀತಿದ್ದ್ಯೇನು? ಚಾಕ್‌ಪೀಸಿನ ಪುಡಿ ನುಂಗಕೋತ ಕುಂದರತಿದ್ದಿ, ನನ್ನಂಗ! ಒಂದ ಲೆಕ್ಕಕ್ಕ ನಾನ ನಿನ್ನ…

ಇಲ್ಲ. ಹಂಗ ಅನಬಾರದಾಗಿತ್ತು. ತಪ್ಪಾತು.

ಸುಂದರಾ… ನಿನಗ ಮೊದಲ ಗೊತ್ತಿತ್ತು. ಹೌದಲಾ? ಒಂಚೂರೂ ದಂಗಾಗಿಲ್ಲ ನೀ. ಯಾವಾಗಿಂದ? …ಅವತ್ತಿನಿಂದಾನ? ಮಾವ ನನ್ನ ಹೆಸರ ಹೇಳೇ ಕಳಿಸಿದ್ರ? ನಾ ತೆಕ್ಕಿ ಬಿದ್ದು ಅಳುಮುಂದ… ಆಗನೂ ಗೊತ್ತಿತ್ತ? ಏಳ ವರ್ಷ… ಯಾರ ಮುಂದೂ ಅನಲಿಲ್ಲ?

ಚಸ್ಮಾದ ನಂಬರ ಚೀಟಿ ಬರದಿ… ಬಾಗಿಲಾ ಯಾಕ ತಗದಿ? ತಡಿ, ತಡಿ, ಮುಂದಿನವ್ರನ್ನ ಕರೀಬ್ಯಾಡ…

ಒಂದ ಮಾತ ಬೈಯ ಬೇ! ನೀ ಬೈದ್ರ ನಾನೂ ಮನಿಗೆ ಹೋಗಿ ನಿನ್ನ ಬೈಕೋತ ಇರತೀನಿ. ಹಿಂಗ ಸುಮ್ನ ಬಿಟ್ರ… ಸುಮ್ನ ಬಿಟ್ರ ನಾ ಹೆಂಗ ಇರಲಿ?