ತುಟಿ ಅಲ್ಲಾಡಿದಾಗೊಮ್ಮೆ

ಬೈಲಹೊಂಗಲ ಬಸ್‌ಸ್ಟ್ಯಾಂಡಿನಲ್ಲಿ ಧಾರವಾಡದ ಬಸ್ಸಿಗೆ ಕಾಯುತ್ತಿದ್ದ ಪದ್ಮಜಾಗೆ ಮಂದಿಯ ಮಾತಿಗೆ ಕಿವಿಗೊಡುವ ಚಟವಿರಲಿಲ್ಲ. ಆದರೆ ಪಕ್ಕದ ಹೆಂಗಸು ಕೈಯಲ್ಲೊಂದು ಕಾಗದ ಹಿಡಿದು, ಗಂಡನ ಕಿವಿಗೆ ಬಾಯಿ ಹಚ್ಚಿ ಒದರುತ್ತಿದ್ದಳು. ಇಡೀ ಸ್ಟ್ಯಾಂಡಿಗೇ ಕೇಳುತ್ತಿತ್ತು.

“ಅಪೀಲು ವಜಾ ಆತಂತ್ರಿ! ಕಿವಿ ಹೋದದ್ದಕ್ಕ ಪಿಂಚಣಿ ಇಲ್ಲಂತ! ಮಿಲ್ಟ್ರಿ ಸೇರೂಕಿಂತ ಮೊದ್ಲ ನೀವು ಕಿವುಡ ಇದ್ರಂತ!”

“ಹದಿನೇಳು ವರ್ಷ ಗುಂಡು ಹಾರಸೂ ತೋಪಿನ ಬಾಜೂಕ ನಿಂತೇನಿ. ಕಿವುಡನ್ನ ಯಾರರ ಭರ್ತಿ ಮಾಡ್ಕೋತಾರೇನು?”

“ನೀವೇ ಒಪ್ಪೀರಂತ! ಮಿಲ್ಟ್ರಿ ಬಿಟ್ಟು ಬರೂಮುಂದ ತಪಾಸಣಿ ಮಾಡಿದ ಡಾಕ್ಟರ್ ಸಾಹೇಬ್ರು ಮೊದ್ಲಿಂದ ಕಿವುಡೇನು ಅಂತ ಕೇಳಿದಾಗ ಹೌದು ಅಂದೀರಂತ!”

“ಅವರು ಏನ್ ಕೇಳಿದ್ರೋ, ನನಗೆಲ್ಲಿ ಕೇಳಿಸ್ತು? ತುಟಿ ಅಲ್ಲಾಡಿದಾಗೊಮ್ಮೆ ಜೀ ಸಾಬ್ ಅಂದೆ.”

“ಕೇಳಸವಲ್ದು ಅಂತ ಅನ್ನಬೇಕಿತ್ತಲ್ರಿ!”

“ಸಾಹೇಬ್ರ ಮುಂದ ಹಂಗ ಅಂತಾರೇನ, ಹುಚ್ಚಿ?”

“ಇನ್ನ ಕೋರ್ಟಿಗೆ ಹೋಗೂದೈತಿ. ಅಲ್ಲಿ ಜಡ್ಜ್ ಸಾಹೇಬ್ರು ಕೇಳಿದ್ರ ಏನಂತೀರಿ?”

ಸಾಹೇಬ್ರು ಅಂದದ್ದೇ ತಡ, ಮುದುಕನ ಬೆನ್ನು ನೆಟ್ಟಗಾಯಿತು.

ಮುನವಳ್ಳಿ ಬಸ್ಸು ಬಂತು. ಹೆಂಗಸು ಕಾಗದ ಮಡಚಿ ಚೀಲಕ್ಕೆ ಹಾಕಿ ಎದ್ದಳು. ಒದರಿ ಒದರಿ ದನಿ ಬಿದ್ದುಹೋಗಿತ್ತು. ಗಂಡನ ಮುಖ ನೋಡುತ್ತ ಮೆಲ್ಲಗೆ ಏನೋ ಅಂದಳು. ಅದು ಪದ್ಮಜಾಗಷ್ಟೇ ಕೇಳಿಸಿತು.

“ನಾ ಸತ್ತಮ್ಯಾಲ ನಿಮಗ ಯಾರು ಒದರಿ ಹೇಳ್ತಾರ್ರಿ?”

ಆಕೆಯ ತುಟಿಯನ್ನೇ ನೋಡುತ್ತಿದ್ದ ಗಂಡ ತಲೆಯಾಡಿಸಿದ.

“ಹೌದು ಹೌದು,” ಅಂದು ಬಸ್ಸು ಹತ್ತಿದ.